ಅಮೆರಿಕದ ಪ್ರೌಢಶಾಲಾ ಕ್ರೀಡೆಗಳು ಮತ್ತು ಕೋವಿಡ್-19 ಸಾಂಕ್ರಾಮಿಕ

ಕೋವಿಡ್-19 ಸಾಂಕ್ರಾಮಿಕದ ಅವಧಿಯಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನದ ಪ್ರೌಢಶಾಲೆಗಳ ನಡುವಣ ಕ್ರೀಡಾ ಸ್ಪರ್ಧೆಗಳನ್ನು ಮುಂದುವರಿಸಬೇಕೇ, ಮುಂದೂಡಬೇಕೇ ಅಥವಾ ರದ್ದುಪಡಿಸಬೇಕೇ ಎಂಬುದು 2020 ಮತ್ತು 2021ರಲ್ಲಿ ವ್ಯಾಪಕ ಚರ್ಚೆಗೆ ಒಳಗಾದ ಸಾರ್ವಜನಿಕ ಪ್ರಶ್ನೆಯಾಗಿತ್ತು. 2020ರ ಮಾರ್ಚ್‌ನಲ್ಲಿ ದೇಶದಾದ್ಯಂತ ಶಾಲಾ ಕ್ರೀಡೆಗಳು ಕೆಲವೇ ದಿನಗಳಲ್ಲಿ ಸ್ಥಗಿತಗೊಂಡವು. ಅವು ಮರಳಿ ಆರಂಭವಾದದ್ದು ಮಾತ್ರ ಏಕರೂಪವಾಗಿರಲಿಲ್ಲ. ಕೆಲವು ರಾಜ್ಯಗಳು ಅದೇ ವರ್ಷದ ಆಗಸ್ಟ್‌ನಲ್ಲಿ ಪಂದ್ಯಗಳನ್ನು ಆರಂಭಿಸಿದರೆ, ಇನ್ನು ಕೆಲವು 2021ರ ವಸಂತಕಾಲದವರೆಗೆ ಕಾದವು. ಹದಿಹರೆಯದವರ ದೈಹಿಕ ಹಾಗೂ ಮಾನಸಿಕ ಆರೋಗ್ಯ, ಕುಟುಂಬ ಮತ್ತು ಸಮುದಾಯಕ್ಕೆ ಸೋಂಕು ಹರಡುವ ಅಪಾಯ, ತರಗತಿಗಳನ್ನು ತೆರೆದಿಡುವ ಅಗತ್ಯ, ಕಾಲೇಜು ವಿದ್ಯಾರ್ಥಿವೇತನದ ಅವಕಾಶ ಮತ್ತು ಸರ್ಕಾರದ ಅಧಿಕಾರದ ಮಿತಿ ಈ ಚರ್ಚೆಯ ಮುಖ್ಯ ಅಂಶಗಳಾಗಿದ್ದವು.

ಅಮೆರಿಕದಲ್ಲಿ ಪ್ರೌಢಶಾಲೆ ಎಂದರೆ ಸಾಮಾನ್ಯವಾಗಿ 9ರಿಂದ 12ನೆಯ ತರಗತಿಯವರೆಗಿನ ಶಾಲೆ. ಕರ್ನಾಟಕದ ವ್ಯವಸ್ಥೆಯಲ್ಲಿ ಇದು ಪ್ರೌಢಶಾಲೆಯ ಕೊನೆಯ ಎರಡು ವರ್ಷ ಹಾಗೂ ಪದವಿಪೂರ್ವ ಶಿಕ್ಷಣದ ಎರಡು ವರ್ಷಗಳಿಗೆ ಸಮನಾಗುತ್ತದೆ. ಈ ಲೇಖನದಲ್ಲಿ ಫುಟ್‌ಬಾಲ್ ಎಂಬ ಪದವನ್ನು ಅಮೆರಿಕನ್ ಫುಟ್‌ಬಾಲ್ ಎಂಬ ಅರ್ಥದಲ್ಲಿಯೂ, ಭಾರತದಲ್ಲಿ ಫುಟ್‌ಬಾಲ್ ಎಂದು ಕರೆಯುವ ಆಟಕ್ಕೆ ಸಾಕರ್ ಎಂಬ ಪದವನ್ನೂ ಬಳಸಲಾಗಿದೆ.

ಹಿನ್ನೆಲೆ

ಆಡಳಿತ ವ್ಯವಸ್ಥೆ

ಅಮೆರಿಕದಲ್ಲಿ ಶಿಕ್ಷಣವು ಮುಖ್ಯವಾಗಿ ರಾಜ್ಯಗಳ ಹಾಗೂ ಸ್ಥಳೀಯ ಶಾಲಾ ಜಿಲ್ಲೆಗಳ ಹೊಣೆಯಾಗಿದೆ. ಶಾಲೆಗಳ ನಡುವಣ ಕ್ರೀಡೆಗಳನ್ನು ಆಯಾ ರಾಜ್ಯದ ಪ್ರೌಢಶಾಲಾ ಕ್ರೀಡಾ ಸಂಘ ನಡೆಸುತ್ತದೆ. 50 ರಾಜ್ಯಗಳು ಮತ್ತು ರಾಜಧಾನಿ ಪ್ರದೇಶವಾದ ಡಿಸ್ಟ್ರಿಕ್ಟ್ ಆಫ್ ಕೊಲಂಬಿಯಾದ ಸಂಘಗಳು ಸೇರಿರುವ ಒಕ್ಕೂಟವೇ ರಾಜ್ಯ ಪ್ರೌಢಶಾಲಾ ಸಂಘಗಳ ರಾಷ್ಟ್ರೀಯ ಒಕ್ಕೂಟ. ಎನ್‌ಎಫ್‌ಎಚ್‌ಎಸ್ ಎಂಬ ಸಂಕ್ಷಿಪ್ತ ಹೆಸರಿನಿಂದ ಪರಿಚಿತವಾಗಿರುವ ಈ ಸಂಸ್ಥೆ 1920ರಲ್ಲಿ ಸ್ಥಾಪನೆಯಾಯಿತು. ಇದರ ಕೇಂದ್ರ ಕಚೇರಿ ಇಂಡಿಯಾನಾಪೊಲಿಸ್ ನಗರದಲ್ಲಿದೆ. ಒಕ್ಕೂಟವು ಆಟಗಳ ನಿಯಮಗಳನ್ನು ರಚಿಸಿ ಮಾರ್ಗದರ್ಶನ ನೀಡುತ್ತದೆಯೇ ಹೊರತು, ಆಟವನ್ನು ನಡೆಸಬೇಕು ಅಥವಾ ನಿಲ್ಲಿಸಬೇಕು ಎಂದು ರಾಜ್ಯಗಳಿಗೆ ಆದೇಶಿಸುವ ಅಧಿಕಾರ ಅದಕ್ಕಿಲ್ಲ. ಸಾಂಕ್ರಾಮಿಕದ ಅವಧಿಯಲ್ಲಿ ರಾಜ್ಯಪಾಲರು, ಆರೋಗ್ಯ ಇಲಾಖೆ, ಕ್ರೀಡಾ ಸಂಘ, ಶಾಲಾ ಜಿಲ್ಲೆ ಎಂಬ ಹಲವು ಹಂತಗಳಲ್ಲಿ ನಿರ್ಧಾರಗಳು ಹಂಚಿಹೋಗಲು ಇದೇ ಕಾರಣ.

ಒಕ್ಕೂಟದ ಸಮೀಕ್ಷೆಯ ಪ್ರಕಾರ 2018–19ರ ಶೈಕ್ಷಣಿಕ ವರ್ಷದಲ್ಲಿ ದೇಶದ ಪ್ರೌಢಶಾಲಾ ಕ್ರೀಡೆಗಳಲ್ಲಿ 79,37,491 ಭಾಗವಹಿಸುವಿಕೆಗಳು ದಾಖಲಾಗಿದ್ದವು. ಒಬ್ಬ ವಿದ್ಯಾರ್ಥಿ ಎರಡು ಆಟಗಳನ್ನು ಆಡಿದರೆ ಎರಡು ಬಾರಿ ಲೆಕ್ಕಕ್ಕೆ ಬರುತ್ತಾನೆ. ಆದ್ದರಿಂದ ಇದು ವಿದ್ಯಾರ್ಥಿಗಳ ಸಂಖ್ಯೆಯಲ್ಲ. ವರ್ಷವನ್ನು ಶರತ್ಕಾಲ, ಚಳಿಗಾಲ ಮತ್ತು ವಸಂತಕಾಲ ಎಂಬ ಮೂರು ಕ್ರೀಡಾ ಋತುಗಳಾಗಿ ವಿಂಗಡಿಸಲಾಗುತ್ತದೆ. ಫುಟ್‌ಬಾಲ್ ಶರತ್ಕಾಲದಲ್ಲಿ, ಬಾಸ್ಕೆಟ್‌ಬಾಲ್ ಮತ್ತು ಕುಸ್ತಿ ಚಳಿಗಾಲದಲ್ಲಿ, ಬೇಸ್‌ಬಾಲ್ ಹಾಗೂ ಟ್ರ್ಯಾಕ್ ಮತ್ತು ಫೀಲ್ಡ್ ಸ್ಪರ್ಧೆಗಳು ಸಾಮಾನ್ಯವಾಗಿ ವಸಂತಕಾಲದಲ್ಲಿ ನಡೆಯುತ್ತವೆ. ಸಣ್ಣ ಊರುಗಳಲ್ಲಿ ಶುಕ್ರವಾರ ರಾತ್ರಿಯ ಫುಟ್‌ಬಾಲ್ ಪಂದ್ಯವು ಇಡೀ ಊರು ಸೇರುವ ಸಂದರ್ಭವಾಗಿದ್ದು, ಟಿಕೆಟ್ ಮಾರಾಟದಿಂದ ಬರುವ ಹಣ ಶಾಲೆಯ ಇತರ ಕ್ರೀಡೆಗಳಿಗೂ ಆಧಾರವಾಗಿರುತ್ತದೆ.

ಹಿಂದಿನ ನಿದರ್ಶನಗಳು

ಸಾಂಕ್ರಾಮಿಕದ ಕಾರಣದಿಂದ ಶಾಲಾ ಕ್ರೀಡೆಗಳು ನಿಂತದ್ದು ಇದೇ ಮೊದಲಲ್ಲ. 1918ರ ಇನ್‌ಫ್ಲುಯೆಂಜಾ ಪಿಡುಗಿನ ಸಮಯದಲ್ಲಿ ಅನೇಕ ನಗರಗಳು ಶಾಲೆಗಳನ್ನು ಮುಚ್ಚಿ, ಜನ ಸೇರುವುದನ್ನು ನಿಷೇಧಿಸಿದ್ದರಿಂದ ಆ ಶರತ್ಕಾಲದ ಹಲವು ಶಾಲಾ ಫುಟ್‌ಬಾಲ್ ಪಂದ್ಯಗಳು ರದ್ದಾದವು. 2009ರಲ್ಲಿ ಎಚ್1ಎನ್1 ಜ್ವರ ಕಾಣಿಸಿಕೊಂಡಾಗ ಟೆಕ್ಸಾಸ್‌ನ ಶಾಲಾ ಸ್ಪರ್ಧೆಗಳನ್ನು ನಡೆಸುವ ಯೂನಿವರ್ಸಿಟಿ ಇಂಟರ್‌ಸ್ಕೊಲಾಸ್ಟಿಕ್ ಲೀಗ್, ಏಪ್ರಿಲ್ 29ರಿಂದ ಮೇ 11ರವರೆಗೆ ರಾಜ್ಯದಾದ್ಯಂತ ಎಲ್ಲ ಸ್ಪರ್ಧೆಗಳನ್ನು ತಡೆಹಿಡಿದಿತ್ತು. ಆದರೆ ಒಂದು ವರ್ಷಕ್ಕೂ ಹೆಚ್ಚು ಕಾಲ ಮೂರೂ ಕ್ರೀಡಾ ಋತುಗಳ ಮೇಲೆ ಪರಿಣಾಮ ಬೀರಿದ ಸ್ಥಗಿತಕ್ಕೆ ಇವು ಸಿದ್ಧ ಮಾದರಿಯಾಗಲಿಲ್ಲ.

ಘಟನಾವಳಿ

2020ರ ವಸಂತ ಮತ್ತು ಬೇಸಿಗೆ

ವಿಶ್ವ ಆರೋಗ್ಯ ಸಂಸ್ಥೆಯು 2020ರ ಮಾರ್ಚ್ 11ರಂದು ಕೋವಿಡ್-19 ಅನ್ನು ಜಾಗತಿಕ ಸಾಂಕ್ರಾಮಿಕವೆಂದು ಬಣ್ಣಿಸಿತು. ಅದೇ ದಿನ ವೃತ್ತಿಪರ ಬಾಸ್ಕೆಟ್‌ಬಾಲ್ ಲೀಗ್ ಆದ ಎನ್‌ಬಿಎ ತನ್ನ ಪಂದ್ಯಗಳನ್ನು ನಿಲ್ಲಿಸಿತು. ಮರುದಿನ ಕಾಲೇಜು ಕ್ರೀಡೆಗಳ ಸಂಸ್ಥೆಯಾದ ಎನ್‌ಸಿಎಎ ತನ್ನ ವಾರ್ಷಿಕ ಬಾಸ್ಕೆಟ್‌ಬಾಲ್ ಪಂದ್ಯಾವಳಿಯನ್ನು ರದ್ದುಪಡಿಸಿತು. ಆಗ ಹಲವು ರಾಜ್ಯಗಳಲ್ಲಿ ಪ್ರೌಢಶಾಲಾ ಬಾಸ್ಕೆಟ್‌ಬಾಲ್‌ನ ರಾಜ್ಯಮಟ್ಟದ ಪಂದ್ಯಗಳು ನಡೆಯುತ್ತಿದ್ದು, ಅವುಗಳಲ್ಲಿ ಅನೇಕವು ವಿಜೇತರನ್ನು ನಿರ್ಧರಿಸದೆಯೇ ಅರ್ಧಕ್ಕೆ ಮುಗಿದವು. ವಸಂತಕಾಲದ ಕ್ರೀಡಾ ಋತು ಬಹುತೇಕ ಎಲ್ಲ ರಾಜ್ಯಗಳಲ್ಲಿ ಸಂಪೂರ್ಣವಾಗಿ ರದ್ದಾಯಿತು. 12ನೆಯ ತರಗತಿಯ ವಿದ್ಯಾರ್ಥಿಗಳ ಪಾಲಿಗೆ ಶಾಲೆಯ ಪರವಾಗಿ ಆಡುವ ಕೊನೆಯ ಅವಕಾಶ ಹೀಗೆ ತಪ್ಪಿಹೋಯಿತು.

ಬೇಸ್‌ಬಾಲ್ ಮತ್ತು ಸಾಫ್ಟ್‌ಬಾಲ್‌ಗಳನ್ನು ಬೇಸಿಗೆಯಲ್ಲಿ ಆಡಿಸುವ ಅಯೋವಾ ರಾಜ್ಯವು ಜೂನ್ 1ರಿಂದ ಅಭ್ಯಾಸಕ್ಕೂ ಜೂನ್ 15ರಿಂದ ಪಂದ್ಯಗಳಿಗೂ ಅವಕಾಶ ನೀಡಿ, ಶಾಲಾ ಸ್ಪರ್ಧೆಗಳನ್ನು ಮೊದಲು ಪುನರಾರಂಭಿಸಿದ ರಾಜ್ಯವಾಯಿತು. ಋತುವಿನ ನಡುವೆ ಸೋಂಕು ಕಾಣಿಸಿಕೊಂಡ ಕೆಲವು ತಂಡಗಳು ಹಿಂದೆ ಸರಿದರೂ ರಾಜ್ಯಮಟ್ಟದ ಪಂದ್ಯಗಳು ನಡೆದವು.

ಅಪಾಯದ ವರ್ಗೀಕರಣ

ಎನ್‌ಎಫ್‌ಎಚ್‌ಎಸ್‌ನ ಕ್ರೀಡಾ ವೈದ್ಯಕೀಯ ಸಲಹಾ ಸಮಿತಿಯು 2020ರ ಮೇ ತಿಂಗಳಲ್ಲಿ ಮಾರ್ಗಸೂಚಿಯೊಂದನ್ನು ಪ್ರಕಟಿಸಿತು. ಆಟಗಾರರು ಎಷ್ಟು ಹತ್ತಿರ, ಎಷ್ಟು ಹೊತ್ತು ಇರುತ್ತಾರೆ ಮತ್ತು ಸಲಕರಣೆಗಳನ್ನು ಎಷ್ಟರ ಮಟ್ಟಿಗೆ ಹಂಚಿಕೊಳ್ಳುತ್ತಾರೆ ಎಂಬುದರ ಆಧಾರದ ಮೇಲೆ ಅದು ಆಟಗಳನ್ನು ಮೂರು ವರ್ಗಗಳಾಗಿ ವಿಂಗಡಿಸಿತು:

• ಹೆಚ್ಚಿನ ಅಪಾಯ: ಫುಟ್‌ಬಾಲ್, ಕುಸ್ತಿ, ಬಾಲಕರ ಲಕ್ರಾಸ್, ಸ್ಪರ್ಧಾತ್ಮಕ ಚಿಯರ್ ಮತ್ತು ನೃತ್ಯ.
• ಮಧ್ಯಮ ಅಪಾಯ: ಬಾಸ್ಕೆಟ್‌ಬಾಲ್, ವಾಲಿಬಾಲ್, ಸಾಕರ್, ಬೇಸ್‌ಬಾಲ್, ಸಾಫ್ಟ್‌ಬಾಲ್, ಐಸ್ ಹಾಕಿ, ಜಿಮ್ನಾಸ್ಟಿಕ್ಸ್ ಮುಂತಾದವು.
• ಕಡಿಮೆ ಅಪಾಯ: ವೈಯಕ್ತಿಕ ಓಟ ಮತ್ತು ಎಸೆತದ ಸ್ಪರ್ಧೆಗಳು, ವೈಯಕ್ತಿಕ ಈಜು, ಗಾಲ್ಫ್, ಭಾರ ಎತ್ತುವಿಕೆ ಮುಂತಾದವು.

ಹಲವು ರಾಜ್ಯಗಳು ಈ ವರ್ಗೀಕರಣವನ್ನು ತಮ್ಮ ನಿಯಮಗಳಿಗೆ ಆಧಾರವಾಗಿಸಿಕೊಂಡವು. ಅದು ಸಿದ್ಧವಾದಾಗ ಆಟದ ಮೈದಾನದಲ್ಲಿ ಸೋಂಕು ಹರಡುವ ಬಗೆಗೆ ನೇರ ಮಾಹಿತಿ ಬಹಳ ಕಡಿಮೆಯಿತ್ತು.

2020ರ ಶರತ್ಕಾಲ

ಉಟಾ ರಾಜ್ಯದಲ್ಲಿ ಆಗಸ್ಟ್ 13ರಂದು ಪ್ರೌಢಶಾಲಾ ಫುಟ್‌ಬಾಲ್ ಆರಂಭವಾಯಿತು. ಟೆಕ್ಸಾಸ್ ಮಧ್ಯಮ ಮಾರ್ಗವನ್ನು ಹಿಡಿದು, ಸಣ್ಣ ಶಾಲೆಗಳಿಗೆ ನಿಗದಿತ ಸಮಯದಲ್ಲೇ ಅಭ್ಯಾಸ ಆರಂಭಿಸಲು ಬಿಟ್ಟು, ದೊಡ್ಡ ಶಾಲೆಗಳ ಎರಡು ವರ್ಗಗಳನ್ನು ಸುಮಾರು ಒಂದು ತಿಂಗಳು ಮುಂದೂಡಿತು. ಕ್ಯಾಲಿಫೋರ್ನಿಯಾ, ಇಲಿನಾಯ್ ಸೇರಿದಂತೆ ಹನ್ನೆರಡಕ್ಕೂ ಹೆಚ್ಚು ರಾಜ್ಯಗಳು ಫುಟ್‌ಬಾಲ್ ಅನ್ನು 2021ಕ್ಕೆ ಮುಂದೂಡಿದವು. ವರ್ಮಾಂಟ್ ರಾಜ್ಯವು ಮೈಗೆ ಮೈ ತಾಗಿಸಿ ಕೆಡಹುವ ಫುಟ್‌ಬಾಲ್‌ನ ಬದಲು ಪ್ರತಿ ತಂಡದಲ್ಲಿ 7 ಆಟಗಾರರಿರುವ, ಎದುರಾಳಿಯನ್ನು ಮುಟ್ಟಿ ತಡೆಯುವ ಆಟವನ್ನು ಆಡಿಸಿತು.

ಕೆಲವು ರಾಜ್ಯಗಳ ನಿರ್ಧಾರಗಳು ಹಲವು ಬಾರಿ ಬದಲಾದವು. ಮಿಷಿಗನ್‌ನ ಸಂಘವು ಆಗಸ್ಟ್ 14ರಂದು ಫುಟ್‌ಬಾಲ್ ಅನ್ನು ಮುಂದೂಡಿ, ಸೆಪ್ಟೆಂಬರ್ 3ರಂದು ಆ ನಿರ್ಧಾರವನ್ನು ಹಿಂತೆಗೆದುಕೊಂಡಿತು. ನವೆಂಬರ್‌ನಲ್ಲಿ ಸೋಂಕು ಏರಿದಾಗ ರಾಜ್ಯದ ಆದೇಶದಿಂದ ಅಂತಿಮ ಹಂತದ ಪಂದ್ಯಗಳು ನಿಂತವು. ಬಳಿಕ ತಂಡಗಳಿಗೆ ಕ್ಷಿಪ್ರ ಪರೀಕ್ಷೆಗಳನ್ನು ನಡೆಸುವ ವ್ಯವಸ್ಥೆಯೊಂದಿಗೆ ಅವು ಪುನರಾರಂಭವಾಗಿ, 2021ರ ಜನವರಿ 22 ಮತ್ತು 23ರಂದು ಡೆಟ್ರಾಯಿಟ್‌ನ ಫೋರ್ಡ್ ಫೀಲ್ಡ್ ಕ್ರೀಡಾಂಗಣದಲ್ಲಿ 11 ಆಟಗಾರರ ಫುಟ್‌ಬಾಲ್‌ನ ಅಂತಿಮ ಪಂದ್ಯಗಳು ನಡೆದವು. ಮಿನ್ನೆಸೋಟ ಸಹ ಆಗಸ್ಟ್‌ನಲ್ಲಿ ಫುಟ್‌ಬಾಲ್ ಮತ್ತು ವಾಲಿಬಾಲ್‌ಗಳನ್ನು ಮುಂದೂಡಿ, ಸೆಪ್ಟೆಂಬರ್ 21ರಂದು ಮತ್ತೆ ಅನುಮತಿಸಿ, ನವೆಂಬರ್‌ನಲ್ಲಿ ಎಲ್ಲ ಯುವ ಕ್ರೀಡೆಗಳನ್ನು ತಡೆಹಿಡಿದು, 2021ರ ಜನವರಿಯಲ್ಲಿ ಮುಖಗವಸಿನ ನಿಯಮದೊಂದಿಗೆ ಪುನಃ ಅವಕಾಶ ನೀಡಿತು.

2021ರ ಪುನರಾರಂಭ

ಕ್ಯಾಲಿಫೋರ್ನಿಯಾ 2021ರ ಫೆಬ್ರವರಿ 19ರಂದು ಹೊಸ ನಿಯಮಗಳನ್ನು ಪ್ರಕಟಿಸಿತು. ದಿನಕ್ಕೆ ಒಂದು ಲಕ್ಷ ಜನರಲ್ಲಿ ಹೊಸ ಪ್ರಕರಣಗಳ ಸಂಖ್ಯೆ 14 ಅಥವಾ ಅದಕ್ಕಿಂತ ಕಡಿಮೆ ಇರುವ ಕೌಂಟಿಗಳಲ್ಲಿ ಫುಟ್‌ಬಾಲ್‌ನಂತಹ ಹೊರಾಂಗಣ ಸಂಪರ್ಕ ಕ್ರೀಡೆಗಳಿಗೆ ಅದು ಅನುಮತಿ ನೀಡಿತು. ಮುಂದೂಡಿದ್ದ ರಾಜ್ಯಗಳಲ್ಲಿ ಬಹುಪಾಲು ಮಾರ್ಚ್ ಮತ್ತು ಏಪ್ರಿಲ್ ತಿಂಗಳುಗಳಲ್ಲಿ ಮೊಟಕುಗೊಳಿಸಿದ ಫುಟ್‌ಬಾಲ್ ಋತುವನ್ನು ನಡೆಸಿದವು. ಮೂರು ಋತುಗಳ ಆಟಗಳು ಕೆಲವೇ ತಿಂಗಳುಗಳಲ್ಲಿ ಒತ್ತೊತ್ತಾಗಿ ನಡೆದುದರಿಂದ ಒಂದಕ್ಕಿಂತ ಹೆಚ್ಚು ಆಟಗಳನ್ನು ಆಡುತ್ತಿದ್ದ ವಿದ್ಯಾರ್ಥಿಗಳು ಯಾವುದಾದರೊಂದನ್ನು ಆರಿಸಿಕೊಳ್ಳಬೇಕಾಯಿತು. ಫೈಜರ್ ಲಸಿಕೆಗೆ 2020ರ ಡಿಸೆಂಬರ್‌ನಲ್ಲಿ 16 ವರ್ಷ ಮೇಲ್ಪಟ್ಟವರಿಗೂ, 2021ರ ಮೇ 10ರಂದು 12ರಿಂದ 15 ವರ್ಷದವರಿಗೂ ತುರ್ತು ಬಳಕೆಯ ಅನುಮತಿ ದೊರೆಯಿತು. 2021ರ ಶರತ್ಕಾಲದಲ್ಲಿ ಕ್ರೀಡೆಗಳು ದೇಶದ ಬಹುಭಾಗದಲ್ಲಿ ಎಂದಿನ ವೇಳಾಪಟ್ಟಿಗೆ ಮರಳಿದವು.

ವಾದಗಳು

ಮುಂದುವರಿಸಬೇಕೆಂಬ ವಾದ

ಕ್ರೀಡೆಗಳನ್ನು ಮುಂದುವರಿಸಬೇಕೆಂದವರು ಮುಖ್ಯವಾಗಿ ಹದಿಹರೆಯದವರ ಆರೋಗ್ಯವನ್ನು ಮುಂದಿಟ್ಟರು. ಈ ವಯಸ್ಸಿನವರಲ್ಲಿ ಕೋವಿಡ್-19 ತೀವ್ರ ಸ್ವರೂಪಕ್ಕೆ ತಿರುಗುವ ಸಾಧ್ಯತೆ ವಯಸ್ಕರಿಗಿಂತ ಕಡಿಮೆಯೆಂದೂ, ತರಗತಿ, ಗೆಳೆಯರು ಮತ್ತು ಆಟ ಮೂರನ್ನೂ ಒಟ್ಟಿಗೆ ಕಳೆದುಕೊಳ್ಳುವುದರಿಂದ ಆಗುವ ಹಾನಿ ನಿಜವಾದದ್ದೆಂದೂ ಅವರು ವಾದಿಸಿದರು. ತಂಡದಲ್ಲಿ ಉಳಿಯಲು ಅಂಕಗಳ ಮತ್ತು ಹಾಜರಾತಿಯ ಕನಿಷ್ಠ ಮಟ್ಟವನ್ನು ಕಾಯ್ದುಕೊಳ್ಳಬೇಕಾದ್ದರಿಂದ, ಆಟವು ಕೆಲವು ವಿದ್ಯಾರ್ಥಿಗಳನ್ನು ಓದಿನಲ್ಲಿ ಹಿಡಿದಿಡುವ ಕೊಂಡಿಯೂ ಆಗಿದೆ ಎಂಬುದು ಇನ್ನೊಂದು ವಾದ. ಶಾಲೆ ಆಟವನ್ನು ನಿಲ್ಲಿಸಿದರೂ ಮಕ್ಕಳು ಆಡುವುದನ್ನು ನಿಲ್ಲಿಸುವುದಿಲ್ಲ, ನಿಗಾ ಇಲ್ಲದ ಖಾಸಗಿ ಕ್ಲಬ್‌ಗಳ ಪಂದ್ಯಾವಳಿಗಳಿಗೆ ಹೋಗುತ್ತಾರೆ ಎಂದೂ ಹೇಳಲಾಯಿತು.

ಕಾಲೇಜು ಪ್ರವೇಶದ ಪ್ರಶ್ನೆಯೂ ಇದರೊಂದಿಗೆ ಸೇರಿತ್ತು. ಎನ್‌ಸಿಎಎ 2020ರ ಮಾರ್ಚ್‌ನಿಂದ 2021ರ ಮೇ ಅಂತ್ಯದವರೆಗೆ ಕಾಲೇಜು ತರಬೇತುದಾರರು ವಿದ್ಯಾರ್ಥಿಗಳನ್ನು ಮುಖಾಮುಖಿ ಭೇಟಿಯಾಗುವುದನ್ನು ನಿಷೇಧಿಸಿತ್ತು. ಜೊತೆಗೆ, ಆಗ ಕಾಲೇಜಿನಲ್ಲಿದ್ದ ಆಟಗಾರರಿಗೆ ಹೆಚ್ಚುವರಿ ಒಂದು ವರ್ಷ ಆಡುವ ಅರ್ಹತೆಯನ್ನು ನೀಡಿದ್ದರಿಂದ ಹೊಸಬರಿಗೆ ತಂಡಗಳಲ್ಲಿ ಸ್ಥಾನ ಕಡಿಮೆಯಾಯಿತು. ಕ್ರೀಡಾ ವಿದ್ಯಾರ್ಥಿವೇತನವನ್ನೇ ನೆಚ್ಚಿದ್ದ ವಿದ್ಯಾರ್ಥಿಗಳಿಗೆ ಪಂದ್ಯಗಳ ವಿಡಿಯೊ ಮುದ್ರಣವೇ ತಮ್ಮ ಸಾಮರ್ಥ್ಯವನ್ನು ತೋರಿಸುವ ಮುಖ್ಯ ದಾರಿಯಾಯಿತು. ಪಂದ್ಯಗಳೇ ನಡೆಯದ ರಾಜ್ಯಗಳ ವಿದ್ಯಾರ್ಥಿಗಳಿಗೆ ಆ ದಾರಿಯೂ ಇರಲಿಲ್ಲ. ಕೆಲವು ಕುಟುಂಬಗಳು ಕ್ರೀಡೆಗಳು ನಡೆಯುತ್ತಿದ್ದ ರಾಜ್ಯಗಳಿಗೆ ಸ್ಥಳಾಂತರಗೊಂಡವು.

ನಿಲ್ಲಿಸಬೇಕೆಂಬ ವಾದ

ನಿಲ್ಲಿಸಬೇಕೆಂದವರ ಪ್ರಕಾರ ಅಪಾಯವನ್ನು ಆಟಗಾರನೊಬ್ಬನ ಮಟ್ಟಿಗೆ ಮಾತ್ರ ಲೆಕ್ಕ ಹಾಕುವುದು ಸರಿಯಲ್ಲ. ಸೋಂಕು ತಗುಲಿದ ಆರೋಗ್ಯವಂತ ಹುಡುಗನೊಬ್ಬ ಲಕ್ಷಣಗಳಿಲ್ಲದೆ ಮನೆಗೆ ಹೋಗಿ ಅಜ್ಜ-ಅಜ್ಜಿಯರಿಗೆ, ದೀರ್ಘಕಾಲದ ಕಾಯಿಲೆಯಿರುವ ಪೋಷಕರಿಗೆ ಅದನ್ನು ದಾಟಿಸಬಹುದು. ತರಬೇತುದಾರರು, ಅಂಪೈರ್‌ಗಳು ಮತ್ತು ಬಸ್ ಚಾಲಕರಲ್ಲಿ ಅನೇಕರು ನಡುವಯಸ್ಸು ದಾಟಿದವರು. ಲಸಿಕೆ ಇಲ್ಲದ ಆ ಅವಧಿಯಲ್ಲಿ ಆಡಬೇಕೆಂಬ ಆಯ್ಕೆ ಆಟಗಾರನದಾಗಿದ್ದರೂ ಅದರ ಬೆಲೆಯನ್ನು ತೆರುವವರು ಆಯ್ಕೆಯ ಹಕ್ಕಿಲ್ಲದ ಇತರರಾಗಬಹುದು ಎಂಬುದು ಈ ವಾದದ ತಿರುಳು.

ತಂಡದಲ್ಲಿ ಹರಡಿದ ಸೋಂಕು ತರಗತಿಗಳನ್ನೂ ಮುಚ್ಚಿಸಬಹುದು ಎಂಬ ಆತಂಕವೂ ಇತ್ತು. ಅಮೆರಿಕದ ರೋಗ ನಿಯಂತ್ರಣ ಮತ್ತು ತಡೆಗಟ್ಟುವಿಕೆ ಕೇಂದ್ರದ, ಅಂದರೆ ಸಿಡಿಸಿಯ, ತಜ್ಞರು 2021ರ ಜನವರಿಯಲ್ಲಿ ಅಮೆರಿಕನ್ ವೈದ್ಯಕೀಯ ಸಂಘದ ನಿಯತಕಾಲಿಕದಲ್ಲಿ ಪ್ರಕಟಿಸಿದ ಲೇಖನದಲ್ಲಿ, ಮುನ್ನೆಚ್ಚರಿಕೆ ವಹಿಸಿದ ತರಗತಿಗಳಲ್ಲಿ ಸೋಂಕು ಹೆಚ್ಚು ಹರಡಿಲ್ಲವೆಂದು ಹೇಳಿದರು. ಆದರೆ ಒಳಾಂಗಣ ಅಭ್ಯಾಸ ಮತ್ತು ಪಂದ್ಯಗಳು ಶಾಲೆಗಳ ಸುರಕ್ಷಿತ ನಿರ್ವಹಣೆಗೆ ತೊಡಕಾಗಬಹುದೆಂದು ಅವರು ಎಚ್ಚರಿಸಿದರು. ಹೃದಯ ಸ್ನಾಯುವಿನ ಉರಿಯೂತದ ಭಯವೂ 2020ರ ಬೇಸಿಗೆಯಲ್ಲಿ ಪ್ರಬಲವಾಗಿತ್ತು.

ಅಧ್ಯಯನಗಳು

ವಿಸ್ಕಾನ್ಸಿನ್ ಅಧ್ಯಯನ

ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಸಂಶೋಧಕರು 2020ರ ಸೆಪ್ಟೆಂಬರ್ ತಿಂಗಳಲ್ಲಿ ರಾಜ್ಯದ 207 ಶಾಲೆಗಳ 30,074 ಆಟಗಾರರ ಮಾಹಿತಿಯನ್ನು ಸಂಗ್ರಹಿಸಿದರು. ಅವರಲ್ಲಿ 271 ಮಂದಿಗೆ ಸೋಂಕು ತಗುಲಿತ್ತು. ಸೋಂಕಿನ ಮೂಲ ತಿಳಿದಿದ್ದ 209 ಪ್ರಕರಣಗಳ ಪೈಕಿ ಆಟದಿಂದಲೇ ಬಂದದ್ದೆಂದು ವರದಿಯಾದದ್ದು ಒಂದು ಮಾತ್ರ. ಅರ್ಧಕ್ಕಿಂತ ಹೆಚ್ಚು ಪ್ರಕರಣಗಳಿಗೆ ಮನೆಯ ಸದಸ್ಯರ ಸಂಪರ್ಕವೇ ಕಾರಣವೆಂದು ಹೇಳಲಾಗಿತ್ತು. ಕ್ರೀಡೆಗಳನ್ನು ಪುನರಾರಂಭಿಸಬೇಕೆಂದವರು ಈ ಅಧ್ಯಯನವನ್ನು ಹೆಚ್ಚಾಗಿ ಉಲ್ಲೇಖಿಸಿದರು. ಆದರೆ ಅದಕ್ಕೆ ಮಿತಿಗಳಿದ್ದವು. ಮಾಹಿತಿಯನ್ನು ಶಾಲೆಗಳೇ ಒದಗಿಸಿದ್ದವು. ಎಲ್ಲ ಆಟಗಾರರನ್ನು ನಿಯಮಿತವಾಗಿ ಪರೀಕ್ಷಿಸದ ಕಾರಣ ಲಕ್ಷಣರಹಿತ ಸೋಂಕುಗಳು ಲೆಕ್ಕಕ್ಕೆ ಸಿಗದೆ ಇರಬಹುದು. ಅಲ್ಲದೆ ಅಧ್ಯಯನದ ಅವಧಿ ಶರತ್ಕಾಲದ ಆಟಗಳದ್ದಾಗಿದ್ದು, ಕುಸ್ತಿ, ಬಾಸ್ಕೆಟ್‌ಬಾಲ್‌ನಂತಹ ಚಳಿಗಾಲದ ಒಳಾಂಗಣ ಆಟಗಳು ಅದರಲ್ಲಿ ಸೇರಿರಲಿಲ್ಲ.

ಫ್ಲೋರಿಡಾದ ಕುಸ್ತಿ ಪಂದ್ಯಾವಳಿಗಳು

2020ರ ಡಿಸೆಂಬರ್ 4 ಮತ್ತು 5ರಂದು ಫ್ಲೋರಿಡಾದಲ್ಲಿ ನಡೆದ ಪ್ರೌಢಶಾಲಾ ಕುಸ್ತಿ ಪಂದ್ಯಾವಳಿಗಳ ಕುರಿತ ತನಿಖಾ ವರದಿಯನ್ನು ಸಿಡಿಸಿ 2021ರ ಜನವರಿಯಲ್ಲಿ ಪ್ರಕಟಿಸಿತು. 10 ಶಾಲೆಗಳ ಕುಸ್ತಿಪಟುಗಳು, ತರಬೇತುದಾರರು ಮತ್ತು ತೀರ್ಪುಗಾರರು ಸೇರಿ 130 ಮಂದಿ ಪಾಲ್ಗೊಂಡಿದ್ದರು. ಅವರಲ್ಲಿ ಪರೀಕ್ಷೆಗೆ ಒಳಗಾದ 54 ಮಂದಿಯ ಪೈಕಿ 38 ಮಂದಿಗೆ ಸೋಂಕು ದೃಢಪಟ್ಟಿತು. ಸೋಂಕಿತರ ಸಂಪರ್ಕಕ್ಕೆ ಬಂದವರೆಂದು ಕನಿಷ್ಠ 446 ಮಂದಿಯನ್ನು ಗುರುತಿಸಲಾಯಿತು. ಆ ಸಂಪರ್ಕಿತರಲ್ಲಿ ಪರೀಕ್ಷಿಸಲ್ಪಟ್ಟ 95 ಮಂದಿಯ ಪೈಕಿ 41 ಮಂದಿಗೆ ಸೋಂಕಿತ್ತು. ಅವರಲ್ಲಿ ಒಬ್ಬ ವಯಸ್ಕರು ಮೃತಪಟ್ಟರು. ಕ್ವಾರಂಟೈನ್ ಮತ್ತು ಪ್ರತ್ಯೇಕವಾಸದಿಂದ ಸುಮಾರು 1,700 ವಿದ್ಯಾರ್ಥಿ-ದಿನಗಳ ತರಗತಿ ಹಾಜರಾತಿ ನಷ್ಟವಾಯಿತೆಂದು ವರದಿ ಅಂದಾಜಿಸಿತು.

ಈ ಎರಡು ವರದಿಗಳು ಪರಸ್ಪರ ವಿರುದ್ಧವೆಂದು ತೋರಿದರೂ ಅವು ಬೇರೆ ಬೇರೆ ಸನ್ನಿವೇಶಗಳನ್ನು ಕುರಿತವು. ಒಂದು, ಹಲವು ಬಗೆಯ ಆಟಗಳನ್ನು ಶರತ್ಕಾಲದ ಆರಂಭದಲ್ಲಿ ನೋಡಿದರೆ, ಇನ್ನೊಂದು, ಸಮುದಾಯದಲ್ಲಿ ಸೋಂಕು ಏರುತ್ತಿದ್ದಾಗ ಮುಚ್ಚಿದ ಸಭಾಂಗಣದಲ್ಲಿ ಮೈಗೆ ಮೈ ತಾಗಿಸಿ ಆಡುವ ಆಟವನ್ನು ನೋಡಿತು.

ಮಿನ್ನೆಸೋಟದ ಕಾರ್ವರ್ ಕೌಂಟಿ

2021ರ ಆರಂಭದಲ್ಲಿ ಹೆಚ್ಚು ವೇಗವಾಗಿ ಹರಡುವ ಆಲ್ಫಾ ರೂಪಾಂತರಿ ಕಾಣಿಸಿಕೊಂಡಿತು. ಮಿನ್ನೆಸೋಟದ ಕಾರ್ವರ್ ಕೌಂಟಿಯಲ್ಲಿ ಜನವರಿ ಕೊನೆಯಿಂದ ಮಾರ್ಚ್ ಆರಂಭದವರೆಗೆ ಶಾಲಾ ಹಾಗೂ ಕ್ಲಬ್ ಕ್ರೀಡೆಗಳಲ್ಲಿ ಭಾಗವಹಿಸಿದವರೊಂದಿಗೆ ನಂಟಿರುವ ಕನಿಷ್ಠ 68 ಪ್ರಕರಣಗಳನ್ನು ರಾಜ್ಯದ ಆರೋಗ್ಯ ಇಲಾಖೆ ಗುರುತಿಸಿತು. ಹಾಕಿ, ಕುಸ್ತಿ ಮತ್ತು ಬಾಸ್ಕೆಟ್‌ಬಾಲ್ ಅವುಗಳಲ್ಲಿ ಸೇರಿದ್ದವು.

ಮಾನಸಿಕ ಆರೋಗ್ಯ ಮತ್ತು ಹೃದಯ

ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಸಂಶೋಧಕರು 2020ರ ಮೇ ತಿಂಗಳಲ್ಲಿ ದೇಶದ ಸುಮಾರು 13 ಸಾವಿರ ಹದಿಹರೆಯದ ಕ್ರೀಡಾಪಟುಗಳ ಸಮೀಕ್ಷೆ ನಡೆಸಿದರು. ಖಿನ್ನತೆಯ ಲಕ್ಷಣಗಳು ಸಾಂಕ್ರಾಮಿಕದ ಮೊದಲಿನ ಅಧ್ಯಯನಗಳಲ್ಲಿ ಕಂಡದ್ದಕ್ಕಿಂತ ಹೆಚ್ಚಿದ್ದು, ದೈಹಿಕ ಚಟುವಟಿಕೆ ಬಹಳಷ್ಟು ಕುಸಿದಿರುವುದು ಕಂಡುಬಂದಿತು. 2020ರ ಶರತ್ಕಾಲದಲ್ಲಿ ಆಡಿದವರನ್ನೂ ಆಡದವರನ್ನೂ ಹೋಲಿಸಿದ ಅದೇ ತಂಡದ ಇನ್ನೊಂದು ಅಧ್ಯಯನದಲ್ಲಿ ಆಡಿದವರ ಮಾನಸಿಕ ಸ್ಥಿತಿ ಉತ್ತಮವಾಗಿತ್ತು. ಇವು ವಿದ್ಯಾರ್ಥಿಗಳೇ ಉತ್ತರಿಸಿದ ಸಮೀಕ್ಷೆಗಳಾದ್ದರಿಂದ, ಆಟ ನಿಂತದ್ದರ ಪರಿಣಾಮವನ್ನು ಶಾಲೆ ಮುಚ್ಚಿದ್ದು, ಮನೆಯ ಆರ್ಥಿಕ ಸಂಕಷ್ಟ ಮುಂತಾದವುಗಳ ಪರಿಣಾಮದಿಂದ ಸಂಪೂರ್ಣವಾಗಿ ಬೇರ್ಪಡಿಸುವುದು ಕಷ್ಟ.

ಹೃದಯದ ಕುರಿತ ಮಾಹಿತಿ ಮುಖ್ಯವಾಗಿ ಕಾಲೇಜು ಕ್ರೀಡಾಪಟುಗಳಿಂದ ಬಂದಿತು. ಬಿಗ್ ಟೆನ್ ಒಕ್ಕೂಟದ ವಿಶ್ವವಿದ್ಯಾಲಯಗಳಲ್ಲಿ ಸೋಂಕಿನಿಂದ ಚೇತರಿಸಿಕೊಂಡ 1,597 ಆಟಗಾರರನ್ನು ಎಂಆರ್‌ಐ ಮೂಲಕ ಪರೀಕ್ಷಿಸಿದಾಗ 37 ಮಂದಿಯಲ್ಲಿ, ಅಂದರೆ ಶೇ. 2.3ರಷ್ಟು ಜನರಲ್ಲಿ, ಹೃದಯ ಸ್ನಾಯುವಿನ ಉರಿಯೂತ ಪತ್ತೆಯಾಯಿತು. ಅವರಲ್ಲಿ ಹೆಚ್ಚಿನವರಿಗೆ ಯಾವ ಲಕ್ಷಣವೂ ಇರಲಿಲ್ಲ. ಸೋಂಕು ತಗುಲಿದ ವಿದ್ಯಾರ್ಥಿಗಳು ವೈದ್ಯರ ತಪಾಸಣೆಯ ನಂತರವೇ ಹಂತಹಂತವಾಗಿ ಆಟಕ್ಕೆ ಮರಳಬೇಕೆಂದು ಅಮೆರಿಕನ್ ಮಕ್ಕಳ ವೈದ್ಯಕೀಯ ಅಕಾಡೆಮಿ ಶಿಫಾರಸು ಮಾಡಿತು.

ಮುನ್ನೆಚ್ಚರಿಕೆ ಕ್ರಮಗಳು

ಆಟಗಳನ್ನು ನಡೆಸಿದ ರಾಜ್ಯಗಳು ನಿಯಮಗಳಲ್ಲಿ ಹಲವು ಬದಲಾವಣೆಗಳನ್ನು ಮಾಡಿಕೊಂಡವು. ಫುಟ್‌ಬಾಲ್‌ನಲ್ಲಿ ಆಟಗಾರರು ಮೈದಾನದ ಬದಿಯಲ್ಲಿ ನಿಲ್ಲುವ ಜಾಗವನ್ನು ಎರಡೂ ಕಡೆಯ 25 ಗಜದ ಗೆರೆಗಳಿಂದ 10 ಗಜದ ಗೆರೆಗಳವರೆಗೆ ವಿಸ್ತರಿಸಲಾಯಿತು. ವಾಲಿಬಾಲ್‌ನಲ್ಲಿ ಸೆಟ್‌ಗಳ ನಡುವೆ ತಂಡಗಳು ಬೆಂಚು ಬದಲಿಸುವುದನ್ನು ಕೈಬಿಡಲಾಯಿತು. ಗುಡ್ಡಗಾಡು ಓಟದಲ್ಲಿ ಓಟಗಾರರನ್ನು ಸಣ್ಣ ಗುಂಪುಗಳಲ್ಲಿ ಬಿಡಲಾಯಿತು. ಕೆಲವೆಡೆ ಈಜು ತಂಡಗಳು ತಮ್ಮ ತಮ್ಮ ಕೊಳಗಳಲ್ಲೇ ಈಜಿ, ಸಮಯವನ್ನು ಹೋಲಿಸಿ ಫಲಿತಾಂಶ ನಿರ್ಧರಿಸಿದವು. ಪಂದ್ಯದ ಕೊನೆಯ ಹಸ್ತಲಾಘವ ನಿಂತಿತು. ಪ್ರೇಕ್ಷಕರ ಸಂಖ್ಯೆಯನ್ನು ಮಿತಿಗೊಳಿಸಿ, ಪಂದ್ಯಗಳನ್ನು ಅಂತರ್ಜಾಲದಲ್ಲಿ ನೇರಪ್ರಸಾರ ಮಾಡಲಾಯಿತು.

ಕುಸ್ತಿ, ಈಜು, ಜಿಮ್ನಾಸ್ಟಿಕ್ಸ್‌ನಂತಹ ಕೆಲವನ್ನು ಹೊರತುಪಡಿಸಿ, ಆಡುವಾಗಲೂ ಮುಖಗವಸು ಧರಿಸಬೇಕೆಂದು ಮಕ್ಕಳ ವೈದ್ಯಕೀಯ ಅಕಾಡೆಮಿ 2020ರ ಡಿಸೆಂಬರ್‌ನಲ್ಲಿ ಸಲಹೆ ನೀಡಿತು. ಸೋಂಕಿನ ಅಪಾಯ ಪಂದ್ಯದ ವೇಳೆಗಷ್ಟೇ ಸೀಮಿತವಲ್ಲವೆಂದು ಆರೋಗ್ಯ ಅಧಿಕಾರಿಗಳು ಪದೇ ಪದೇ ತಿಳಿಸಿದರು. ಬಟ್ಟೆ ಬದಲಿಸುವ ಕೊಠಡಿ, ತಂಡದ ಬಸ್ಸು, ಪಂದ್ಯದ ನಂತರದ ಊಟ ಇವೆಲ್ಲವೂ ಮುಖಗವಸಿಲ್ಲದೆ ಹತ್ತಿರ ಕೂರುವ ಸಂದರ್ಭಗಳಾಗಿದ್ದವು. ಸೋಂಕಿತರ ನಿಕಟ ಸಂಪರ್ಕಕ್ಕೆ ಬಂದವರು ಮೊದಲು 14 ದಿನ ಕ್ವಾರಂಟೈನ್‌ನಲ್ಲಿರಬೇಕಿತ್ತು. 2020ರ ಡಿಸೆಂಬರ್‌ನಲ್ಲಿ ಸಿಡಿಸಿ ಇದನ್ನು 10 ದಿನಗಳಿಗೆ, ಪರೀಕ್ಷೆಯಲ್ಲಿ ಸೋಂಕಿಲ್ಲವೆಂದು ಕಂಡುಬಂದರೆ 7 ದಿನಗಳಿಗೆ ಇಳಿಸಲು ಅವಕಾಶ ನೀಡಿತು. ಒಬ್ಬ ಆಟಗಾರನ ಸೋಂಕಿನಿಂದ ಇಡೀ ತಂಡವೇ ಮನೆಯಲ್ಲಿರಬೇಕಾದ ಪ್ರಸಂಗಗಳು ಸಾಮಾನ್ಯವಾಗಿದ್ದವು.

ಕಾನೂನು ಮತ್ತು ಸಾರ್ವಜನಿಕ ಪ್ರತಿಕ್ರಿಯೆ

ಮಿಷಿಗನ್, ಮಿನ್ನೆಸೋಟ, ಕ್ಯಾಲಿಫೋರ್ನಿಯಾ ಮುಂತಾದ ರಾಜ್ಯಗಳಲ್ಲಿ ಪೋಷಕರು, ಆಟಗಾರರು ಮತ್ತು ತರಬೇತುದಾರರು 'ಲೆಟ್ ದೆಮ್ ಪ್ಲೇ' ಎಂಬ ಹೆಸರಿನಲ್ಲಿ ಸಂಘಟಿತರಾಗಿ ಪ್ರದರ್ಶನಗಳನ್ನು ನಡೆಸಿದರು ಮತ್ತು ನ್ಯಾಯಾಲಯಗಳ ಮೊರೆ ಹೋದರು. ಶಾಲಾ ಕ್ರೀಡೆಯಲ್ಲಿ ಭಾಗವಹಿಸುವುದು ಸಂವಿಧಾನದತ್ತ ಹಕ್ಕಲ್ಲ, ಶಾಲೆ ನೀಡುವ ಸವಲತ್ತು ಎಂಬುದು ಅಮೆರಿಕದ ನ್ಯಾಯಾಲಯಗಳು ಸಾಮಾನ್ಯವಾಗಿ ತಳೆದಿರುವ ನಿಲುವು. ಸಾರ್ವಜನಿಕ ಆರೋಗ್ಯಕ್ಕಾಗಿ ರಾಜ್ಯಗಳು ನಿರ್ಬಂಧ ವಿಧಿಸಬಹುದು ಎಂಬುದಕ್ಕೆ ಸಿಡುಬಿನ ಲಸಿಕೆಗೆ ಸಂಬಂಧಿಸಿದ 1905ರ ಜೇಕಬ್‌ಸನ್ ಮತ್ತು ಮ್ಯಾಸಚೂಸೆಟ್ಸ್ ನಡುವಣ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ನೀಡಿದ ತೀರ್ಪು ಆಧಾರವಾಗಿತ್ತು. ಆದ್ದರಿಂದ ಅರ್ಜಿದಾರರು ಹೆಚ್ಚಾಗಿ ಸಮಾನತೆಯ ತತ್ತ್ವವನ್ನು ಮುಂದಿಟ್ಟು, ವೃತ್ತಿಪರ ಮತ್ತು ಕಾಲೇಜು ತಂಡಗಳಿಗೆ ಅನುಮತಿಸಿ ಪ್ರೌಢಶಾಲೆಗಳನ್ನು ಮಾತ್ರ ತಡೆಯುವುದು ಏಕೆ ಎಂದು ಪ್ರಶ್ನಿಸಿದರು. ವೃತ್ತಿಪರ ತಂಡಗಳು ನಡೆಸುತ್ತಿದ್ದ ದಿನನಿತ್ಯದ ಪರೀಕ್ಷೆಗಳಿಗೆ ಬೇಕಾದ ಹಣ ಸಾಮಾನ್ಯ ಶಾಲೆಗಳಲ್ಲಿ ಇಲ್ಲವೆಂಬುದು ಅದಕ್ಕೆ ಬಂದ ಉತ್ತರಗಳಲ್ಲೊಂದು.

ಕೆಲವೆಡೆ ತರಗತಿಗಳು ಆನ್‌ಲೈನ್‌ನಲ್ಲಿ ನಡೆಯುತ್ತಿರುವಾಗಲೇ ಮೈದಾನದಲ್ಲಿ ಪಂದ್ಯಗಳು ನಡೆದವು. ಇದು ಶಿಕ್ಷಣಕ್ಕಿಂತ ಕ್ರೀಡೆಗೆ ಆದ್ಯತೆ ನೀಡಿದಂತಾಯಿತೆಂಬ ಟೀಕೆಗೆ ಗುರಿಯಾಯಿತು. ಹೊರಾಂಗಣದ ಆಟ ಮುಚ್ಚಿದ ಕೋಣೆಯ ತರಗತಿಗಿಂತ ಸುರಕ್ಷಿತವೆಂದು ಇತರರು ಸಮರ್ಥಿಸಿದರು.

ಜಪಾನ್‌ನೊಂದಿಗೆ ಹೋಲಿಕೆ

ಪ್ರೌಢಶಾಲಾ ಕ್ರೀಡೆಗೆ ಅಮೆರಿಕದಷ್ಟೇ ಸಾರ್ವಜನಿಕ ಮಹತ್ವವಿರುವ ಜಪಾನ್‌ನಲ್ಲಿ ನಿರ್ಧಾರಗಳನ್ನು ರಾಷ್ಟ್ರಮಟ್ಟದಲ್ಲಿ ತೆಗೆದುಕೊಳ್ಳಲಾಯಿತು. ಕೊಶಿಯೆನ್ ಕ್ರೀಡಾಂಗಣದಲ್ಲಿ ನಡೆಯುವ ರಾಷ್ಟ್ರೀಯ ಪ್ರೌಢಶಾಲಾ ಬೇಸ್‌ಬಾಲ್‌ನ ವಸಂತ ಮತ್ತು ಬೇಸಿಗೆ ಪಂದ್ಯಾವಳಿಗಳೆರಡೂ 2020ರಲ್ಲಿ ರದ್ದಾದವು. ಬೇಸಿಗೆಯ ಪಂದ್ಯಾವಳಿ ರದ್ದಾದದ್ದು ಎರಡನೆಯ ಮಹಾಯುದ್ಧದ ಕಾಲದ ನಂತರ ಅದೇ ಮೊದಲು. ವಸಂತಕಾಲದ ಪಂದ್ಯಾವಳಿಗೆ ಆಯ್ಕೆಯಾಗಿದ್ದ 32 ತಂಡಗಳಿಗೆ ಆ ವರ್ಷದ ಆಗಸ್ಟ್‌ನಲ್ಲಿ ಕೊಶಿಯೆನ್‌ನಲ್ಲಿಯೇ ತಲಾ ಒಂದು ಪಂದ್ಯ ಆಡುವ ಅವಕಾಶ ನೀಡಲಾಯಿತು. 2021ರಲ್ಲಿ ಬೇಸಿಗೆಯ ಪಂದ್ಯಾವಳಿ ನಡೆದರೂ ಸೋಂಕು ಕಾಣಿಸಿಕೊಂಡ ಎರಡು ಶಾಲೆಗಳು ನಡುವೆಯೇ ಹಿಂದೆ ಸರಿದವು.

ಪರಿಣಾಮಗಳು

ಎನ್‌ಎಫ್‌ಎಚ್‌ಎಸ್ ಎರಡು ವರ್ಷ ಸಮೀಕ್ಷೆ ನಡೆಸಲಿಲ್ಲ. 2021–22ರ ಸಮೀಕ್ಷೆಯಲ್ಲಿ ಭಾಗವಹಿಸುವಿಕೆ 76,18,054ಕ್ಕೆ ಇಳಿದಿತ್ತು. ಇದು 2018–19ಕ್ಕಿಂತ ಸುಮಾರು ಶೇ. 4ರಷ್ಟು ಕಡಿಮೆ. 2023–24ರಲ್ಲಿ ಸಂಖ್ಯೆ ಮೊದಲ ಬಾರಿಗೆ 80 ಲಕ್ಷವನ್ನು ದಾಟಿತು. ಅಂಪೈರ್ ಹಾಗೂ ರೆಫರಿಗಳ ಕೊರತೆ ಸಾಂಕ್ರಾಮಿಕಕ್ಕೆ ಮೊದಲೇ ಇದ್ದು, ಆ ಅವಧಿಯಲ್ಲಿ ತೀವ್ರಗೊಂಡಿತು. 2018–19ರ ನಂತರ ಸುಮಾರು 50,000 ಮಂದಿ ಈ ಕೆಲಸವನ್ನು ಬಿಟ್ಟಿದ್ದಾರೆಂದು ಒಕ್ಕೂಟ 2022ರಲ್ಲಿ ತಿಳಿಸಿತು.

ಆಟಗಳನ್ನು ಸಾರಾಸಗಟಾಗಿ ನಡೆಸುವ ಅಥವಾ ನಿಲ್ಲಿಸುವ ಬದಲು, ಸಮುದಾಯದಲ್ಲಿನ ಸೋಂಕಿನ ಪ್ರಮಾಣ, ಆಟದ ಸ್ವರೂಪ ಮತ್ತು ಅದು ಹೊರಾಂಗಣದ್ದೇ ಒಳಾಂಗಣದ್ದೇ ಎಂಬುದನ್ನು ನೋಡಿ ನಿರ್ಧರಿಸುವ ಕ್ರಮ 2021ರ ವೇಳೆಗೆ ಹೆಚ್ಚು ಸ್ವೀಕೃತವಾಯಿತು. ಸಿಡಿಸಿಯ 2021ರ ಫೆಬ್ರವರಿಯ ಶಾಲಾ ಮಾರ್ಗಸೂಚಿಯೂ ಸೋಂಕು ಹೆಚ್ಚಿರುವ ಪ್ರದೇಶಗಳಲ್ಲಿ ಕ್ರೀಡೆಯನ್ನು ದೈಹಿಕ ಅಂತರ ಸಾಧ್ಯವಿರುವ ಹೊರಾಂಗಣ ಚಟುವಟಿಕೆಗಳಿಗೆ ಸೀಮಿತಗೊಳಿಸಲು ಸೂಚಿಸಿತ್ತು. ಈ ತಿಳಿವಳಿಕೆಗೆ ಆಧಾರವಾದ ಅಧ್ಯಯನಗಳಲ್ಲಿ ಹೆಚ್ಚಿನವು ಪ್ರಕಟವಾಗುವ ಹೊತ್ತಿಗೆ 2020ರ ವಸಂತ ಋತು ರದ್ದಾಗಿ, ಶರತ್ಕಾಲದ ಋತು ಮುಗಿದುಹೋಗಿತ್ತು.